ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬರು

ಚಿಕ್ಕವಳು ಹೆರಿಗೆಗೆ ಆಸ್ಪತ್ರೆಗೆ ಮಾತ್ರ ಬರುವುದಿಲ್ಲ ಎಂದು ಹಟ ಹಿಡಿದು ಕೂತಾಗ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಊಹಿಸಿದರು. ಸೂಜಿ ಕಂಡರೆ ಭಯ ಎಂದ ಅವಳ ಗಂಡ. ಅಷ್ಟು ದೂರ ಹೋಗಿಬರಲು ಮೈಗಳ್ಳತನ ಎಂದರು ಅತ್ತೆ. ನಿಜವಾದ ಕಾರಣ ಗೊತ್ತಿದ್ದದ್ದು ಟೈಲರಕ್ಕನೊಬ್ಬಳಿಗೇ. ಆ ಹೆದರಿಕೆ ಹುಟ್ಟಿದ್ದೇ ಅವಳ ಬಾಯಿಂದ.

ಟೈಲರಕ್ಕ ಆ ಮನೆಯ ದೊಡ್ಡ ಸೊಸೆ. ಬೀದಿಗೆ ತೆರೆದುಕೊಳ್ಳುವ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಊರಿನ ಮಕ್ಕಳ ಸಮವಸ್ತ್ರವನ್ನೆಲ್ಲ ಅವಳೇ ಹೊಲಿಯುತ್ತಿದ್ದಳು. ಹಾಗಾಗಿ ಗಂಡನನ್ನು ಬಿಟ್ಟು ಉಳಿದ ಊರಿಗೆಲ್ಲ ಅವಳು ಟೈಲರಕ್ಕನೇ. ಚಿಕ್ಕವಳೆಂದರೆ ಮೈದುನನ ಹೆಂಡತಿ. ತವರಿನಲ್ಲಿ ತಾಯಿ ಇಲ್ಲದ ಹುಡುಗಿ. ಮದುವೆಯಾಗಿ ಬಂದ ದಿನದಿಂದ ಅಕ್ಕ ಅಕ್ಕ ಎಂದು ಮಷಿನಿನ ಪಕ್ಕದಲ್ಲೇ ಕೂತು ಗುಂಡಿಯ ಕಾಜಾ ಹೊಲಿದುಕೊಡುತ್ತಿದ್ದವಳು.

ಹಾಗೆ ಕೂತಿದ್ದ ಒಂದು ಮಧ್ಯಾಹ್ನ ಟೈಲರಕ್ಕ ತನ್ನ ಹೆರಿಗೆಯ ಕತೆ ಹೇಳಿಬಿಟ್ಟಿದ್ದಳು. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹೆರಿಗೆ ಕೋಣೆಯ ಬಾಗಿಲಿಗೆ ಚಿಲಕ ಕೂರುತ್ತಿರಲಿಲ್ಲ. ಕಬ್ಬಿಣದ ಎರಡು ಮೇಜುಗಳ ನಡುವೆ ಒಂದು ಚಿಂದಿ ಬಟ್ಟೆಯೂ ಇರಲಿಲ್ಲ. ಸೊಂಟದ ಕೆಳಗೆ ಏನೂ ಇಲ್ಲದೆ ಅವಳು ಮಲಗಿದ್ದಾಗ ಟ್ಯೂಬ್‌ಲೈಟ್ ಸರಿಮಾಡುವವನು ಏಣಿ ಹೊತ್ತು ಒಳಗೆ ಬಂದಿದ್ದ. ಅವನು ಹೋಗುವವರೆಗೆ ಕಾಲು ಮಡಿಸಿಕೊಂಡಿದ್ದಕ್ಕೂ, ನೋವಿಗೆ ಕೂಗಿದ್ದಕ್ಕೂ ಸೇರಿಸಿ ದೊಡ್ಡ ಸಿಸ್ಟರ್ ತೊಡೆಗೆ ಫಟಾರನೆ ಬಾರಿಸಿದ್ದರು. ಗಂಡನ ಪಕ್ಕದಲ್ಲಿ ಮಲಗುವಾಗ ಈ ಕೂಗೆಲ್ಲ ಎಲ್ಲಿ ಹೋಗಿತ್ತು ಎಂದು ಕೇಳಿದ್ದರು. ಪಕ್ಕದ ಮೇಜಿನವಳು ಮುಖ ಆಚೆ ತಿರುಗಿಸಿಕೊಂಡಿದ್ದಳು. ಹೊರಗೆ ಅತ್ತೆ ಕೂತಿದ್ದರು, ಗಂಡ ಕೂತಿದ್ದ, ಆದರೆ ಒಳಗೆ ತನ್ನವರೆಂದು ಹಿಡಿದುಕೊಳ್ಳಲು ಒಂದು ಕೈ ಇರಲಿಲ್ಲ. ಹೆರಿಗೆ ಸುಸೂತ್ರವಾಗಿ ಆಯಿತು, ಮಗಳು ಗುಂಡುಗುಂಡಾಗಿ ಹುಟ್ಟಿದಳು. ನೋಡಲು ಬಂದವರೆಲ್ಲ ಕೂಸಿನ ತೂಕ ಕೇಳಿ, ಯಾರ ಮೂಗು ಬಂದಿದೆ ಎಂದು ವಾದ ಮಾಡಿ, ಹೊರಟುಹೋದರು. ನಿನಗೆ ಹೇಗಾಯಿತು ಎಂದು ಅವಳನ್ನು ಯಾರೂ ಕೇಳಲಿಲ್ಲ.

ಈ ಕತೆ ಕೇಳಿದಾಗ ಚಿಕ್ಕವಳಿಗೆ ಇನ್ನೂ ಬಸಿರಿನ ಯೋಚನೆಯೇ ಇರಲಿಲ್ಲ. ಈಗ ಹೊಟ್ಟೆ ಮುಂದೆ ಬಂದ ಮೇಲೆ ಅದು ರಾತ್ರಿ ಹಗಲು ಅವಳನ್ನು ಕಾಡತೊಡಗಿತ್ತು. ಮನೆಯಲ್ಲೇ ಹೆರುತ್ತೇನೆ, ಹಿಂದಿನ ಬೀದಿಯ ಸೂಲಗಿತ್ತಿ ಅಜ್ಜಿಯನ್ನು ಕರೆಸಿ ಎನ್ನುತ್ತಿದ್ದಳು. ಆ ಅಜ್ಜಿಗೆ ಕಣ್ಣು ಮಂಜಾಗಿ ಬಹಳ ದಿನವಾಗಿತ್ತು. ಮೇಲಾಗಿ ಚಿಕ್ಕವಳ ಮೈಯಲ್ಲಿ ರಕ್ತ ಕಡಿಮೆ, ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಎಂದು ಡಾಕ್ಟರಮ್ಮ ಮೊದಲ ತಪಾಸಣೆಯಲ್ಲೇ ಕಟ್ಟುನಿಟ್ಟಾಗಿ ಹೇಳಿದ್ದಳು.

ಟೈಲರಕ್ಕ ಅವಳಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಹೆದರಬೇಡ ಎನ್ನಲು ಅವಳಿಗೆ ಬಾಯಿಯೇ ಬರಲಿಲ್ಲ. ಹೆದರುವಂಥದ್ದು ಅಲ್ಲಿ ಇದ್ದೇ ಇತ್ತಲ್ಲ. ಅವಳು ಕತ್ತರಿ ಕೆಳಗಿಟ್ಟು ಹೇಳಿದ್ದು ಇಷ್ಟೇ:

"ನಾನು ನಿನ್ನ ಜೊತೆ ಒಳಗಿರ್ತೀನಿ."

"ಬಿಡ್ತಾರಾ ಅಕ್ಕ?"

"ಬಿಡಲ್ಲ. ಬಿಡೋ ಹಾಗೆ ಮಾಡೋಣ."

ಮುಂದಿನ ತಪಾಸಣೆಗೆ ಮೂವರೂ ಹೊರಟರು. ಬೇಡವೆಂದರೂ ಅತ್ತೆ ಹಿಂದೆ ಬಿದ್ದರು. ಅತ್ತೆಯ ಸ್ವಭಾವವೇ ಹಾಗೆ. ಬಾಯಿಗೆ ಬೈಗುಳ ಬೇಕು, ಕೈಗೆ ಕೆಲಸ ಬೇಕು, ಎರಡರಲ್ಲಿ ಯಾವುದು ಮೊದಲು ಶುರುವಾಗುತ್ತದೆಂದು ಹೇಳುವಂತಿರಲಿಲ್ಲ. ದಾರಿಯುದ್ದಕ್ಕೂ ಅವರು ದೊಡ್ಡ ಸೊಸೆಗೆ ಬೈದರು. ಆಸ್ಪತ್ರೆಯವರನ್ನು ಎದುರು ಹಾಕಿಕೊಂಡರೆ ನಾಳೆ ಒಂದು ಕೆಮ್ಮಿನ ಔಷಧಿಗೂ ನಮ್ಮನ್ನು ಕೊನೆಯಲ್ಲಿ ನಿಲ್ಲಿಸುತ್ತಾರೆ ಎಂದರು. ಆಸ್ಪತ್ರೆ ತಲುಪಿದ ಮೇಲೆ ಅವರೇ ಎಲ್ಲರಿಗಿಂತ ಮುಂದೆ ನುಗ್ಗಿ ಡಾಕ್ಟರಮ್ಮನ ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟರು. ಬಸುರಿ ನಿಂತೇ ಇದ್ದಳು.

ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ಎರಡು ಆಸ್ಪತ್ರೆಗಳಿಗೆ ಅವಳೊಬ್ಬಳೇ ಡಾಕ್ಟರು. ಬೆಳಿಗ್ಗೆ ಇಲ್ಲಿದ್ದರೆ ಮಧ್ಯಾಹ್ನ ಅಲ್ಲಿ. ಅತ್ತೆಯನ್ನು ಎಬ್ಬಿಸಿ ಬಸುರಿಯನ್ನು ಕೂರಿಸಿ, ಟೈಲರಕ್ಕ ಹೇಳಿದ್ದನ್ನು ಅವಳು ತಾಳ್ಮೆಯಿಂದಲೇ ಕೇಳಿಸಿಕೊಂಡಳು. ಜೊತೆಗೊಬ್ಬರಿದ್ದರೆ ಹೆರುವವಳಿಗೆ ಧೈರ್ಯ ಎಂಬುದನ್ನು ಅವಳೂ ಒಪ್ಪಿದಳು. ಆದರೆ ಎರಡು ಮೇಜು ಒಂದೇ ಕೋಣೆಯಲ್ಲಿವೆ, ನಡುವೆ ಪರದೆಯಿಲ್ಲ, ಮೇಲಿನವರಿಗೆ ಬರೆದು ಬರೆದು ಸಾಕಾಗಿದೆ ಎಂದಳು.

"ನಿಮ್ಮನ್ನ ಒಳಗೆ ಬಿಟ್ಟರೆ ಪಕ್ಕದವಳ ಮಾನದ ಗತಿಯೇನು, ನೀವೇ ಹೇಳಿ."

ಆ ಮಾತು ಟೈಲರಕ್ಕನಿಗೆ ಸರಿ ಎನಿಸಿತು. ತನಗಾದದ್ದನ್ನು ಇನ್ನೊಬ್ಬಳಿಗೆ ಮಾಡಲು ಅವಳು ಬಂದಿರಲಿಲ್ಲ. ಪರದೆ ನಾನು ಹೊಲಿದುಕೊಡುತ್ತೇನೆ ಎಂದಳು. ಡಾಕ್ಟರಮ್ಮ ನಕ್ಕಳು. ಟೈಲರಕ್ಕ ತಮಾಷೆ ಮಾಡುತ್ತಿಲ್ಲವೆಂದು ಗೊತ್ತಾದ ಮೇಲೆ ನಗು ನಿಲ್ಲಿಸಿದಳು.

"ಹೊಲಿದು ತನ್ನಿ, ನೋಡೋಣ. ಒಬ್ಬರೇ ಬರಬೇಕು, ಅದೂ ಹೆಂಗಸರು. ಒಗೆದ ಬಟ್ಟೆ ಹಾಕಿಕೊಂಡು, ಕೈ ತೊಳೆದುಕೊಂಡು ಬರಬೇಕು. ಆದರೆ ಆ ಕೋಣೆ ನಡೆಸೋದು ನಾನಲ್ಲ, ದೊಡ್ಡ ಸಿಸ್ಟರ್. ಅವರು ಒಪ್ಪದೆ ನಾನೇನು ಹೇಳಿದರೂ ನಡೆಯಲ್ಲ."

ಅದು ಟೈಲರಕ್ಕನಿಗೆ ಗೊತ್ತಿತ್ತು.

ಮನೆಯ ಅಟ್ಟದ ಮೇಲೆ ನೀಲಿ ಬಟ್ಟೆಯ ಒಂದು ಥಾನು ಬಿದ್ದಿತ್ತು. ಸಮವಸ್ತ್ರಕ್ಕೆಂದು ತರಿಸಿದ್ದು, ಬಣ್ಣ ತಪ್ಪಿ ಬಂದಿದ್ದರಿಂದ ಯಾರಿಗೂ ಬೇಡವಾದದ್ದು. ಅದನ್ನು ಕೆಳಗಿಳಿಸುವಷ್ಟರಲ್ಲಿ ಅತ್ತೆ ಆಗಲೇ ಹಂಡೆಗೆ ನೀರು ತುಂಬಿ ಒಲೆ ಹಚ್ಚಿದ್ದರು. ಆಸ್ಪತ್ರೆಯಲ್ಲಿ ಬಟ್ಟೆಯನ್ನು ಕುದಿಸಿ ಒಗೆಯುತ್ತಾರೆ, ಈಗಲೇ ಕುದಿಸದೆ ಹೊಲಿದರೆ ಮೊದಲ ಒಗೆತಕ್ಕೇ ಕುಗ್ಗಿ ಮೊಣಕಾಲಿಗೆ ಬಂದು ನಿಲ್ಲುತ್ತದೆ ಎಂದು ಸೊಸೆ ಹೇಳಿದ್ದೇ ತಡ, ನಿನಗೆ ಹುಚ್ಚು ಎನ್ನುತ್ತಲೇ ಕೋಲು ಹಿಡಿದು ಬಟ್ಟೆಯನ್ನು ತಿರುವತೊಡಗಿದರು. ಹಿತ್ತಲಿನ ತಂತಿಯ ಮೇಲೆ ನೀಲಿ ಬಟ್ಟೆ ಹರಡಿಕೊಂಡಾಗ ಅಕ್ಕಪಕ್ಕದವರು ಇಣುಕಿ ನೋಡಿ ಏನು ವಿಶೇಷ ಎಂದು ಕೇಳಿದರು. ನಮ್ಮ ದೊಡ್ಡ ಸೊಸೆ ಆಸ್ಪತ್ರೆಗೇ ಅಂಗಿ ಹೊಲಿಯುತ್ತಿದ್ದಾಳೆ ಎಂದರು ಅತ್ತೆ.

ಅಳತೆ ತೆಗೆಯಲು ಟೈಲರಕ್ಕ ಒಬ್ಬಳೇ ಹೋದಳು. ಹೆರಿಗೆ ಕೋಣೆ ಖಾಲಿಯಿತ್ತು. ಮೇಜುಗಳು ಅವೇ, ಫಿನಾಯಿಲಿನ ವಾಸನೆಯೂ ಅದೇ. ಬಾಗಿಲಿಗೆ ಮಾತ್ರ ಹೊಸ ಚಿಲಕ ಬಂದಿತ್ತು. ಅವಳು ಸ್ಟೂಲಿನ ಮೇಲೆ ಹತ್ತಿ ಗೋಡೆಯಿಂದ ಗೋಡೆಗೆ ಟೇಪು ಹಿಡಿಯುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಯಾರನ್ನ ಕೇಳಿ ಒಳಗೆ ಬಂದೆ?"

ದೊಡ್ಡ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. ಕೂದಲು ನೆರೆತಿತ್ತು, ಒಂದು ಕಾಲು ಎಳೆಯುತ್ತಿದ್ದರು. ದನಿ ಮಾತ್ರ ಹಾಗೆಯೇ ಇತ್ತು. ಟೈಲರಕ್ಕ ಸ್ಟೂಲಿನಿಂದ ಇಳಿದು ಬಂದ ಕಾರಣ ಹೇಳಿದಳು. ಡಾಕ್ಟರಮ್ಮ ಈ ವಿಷಯ ಅವರಿಗೆ ಆಗಲೇ ತಿಳಿಸಿದ್ದಳು ಎಂದು ಕಾಣುತ್ತದೆ, ಅವರಿಗೆ ಆಶ್ಚರ್ಯವಾಗಲಿಲ್ಲ, ಸಿಟ್ಟೇ ಬಂತು. ಪರದೆ ಕಟ್ಟಿ ಹೋಗುವುದು ಸುಲಭ, ಆಮೇಲೆ ಈ ಕೋಣೆಯಲ್ಲಿ ದುಡಿಯುವವಳು ನಾನು ಎಂದರು. ಇಬ್ಬರು ಒಟ್ಟಿಗೆ ನೋವು ತಿನ್ನುವಾಗ ಇವಳನ್ನು ನೋಡುತ್ತ ಅವಳ ಮೇಲೂ ಒಂದು ಕಣ್ಣಿಡಬೇಕು, ನಡುವೆ ಬಟ್ಟೆ ಬಂದರೆ ಆ ಕಡೆ ಏನಾಗುತ್ತಿದೆ ಎಂದು ಗೊತ್ತಾಗುವುದು ಹೇಗೆ ಎಂದು ಕೇಳಿದರು.

"ಅದಕ್ಕೇ ಸಿಸ್ಟರ್, ಜೊತೆಗೊಬ್ಬರು ಇರಬೇಕು ಅನ್ನೋದು. ನಿಮ್ಮ ಕಣ್ಣು ಇಲ್ಲದ ಕಡೆ ಇನ್ನೊಂದು ಕಣ್ಣು ಇರುತ್ತೆ."

"ನೀವು ಬಂದು ಅಳೋದು, ಕೂಗೋದು, ನನಗೇ ಜೋರು ಮಾಡೋದು. ಎಷ್ಟು ನೋಡಿಲ್ಲ ನಾನು."

ಅಲ್ಲಿಯವರೆಗೆ ಟೈಲರಕ್ಕ ಹಳೆಯದನ್ನು ಎತ್ತಬೇಕೆಂದುಕೊಂಡಿರಲಿಲ್ಲ. ಕೆಲಸ ಆದರೆ ಸಾಕು ಎಂದುಕೊಂಡೇ ಮನೆಯಿಂದ ಹೊರಟಿದ್ದಳು. ಆದರೆ ಆ ಮೇಜಿನ ಪಕ್ಕದಲ್ಲೇ ನಿಂತಿದ್ದಳು, ಅದರ ಅಂಚು ಸೊಂಟಕ್ಕೆ ತಾಗುತ್ತಿತ್ತು.

"ಇದೇ ಮೇಜಿನ ಮೇಲೆ ನನ್ನ ಮಗಳು ಹುಟ್ಟಿದ್ದು, ಸಿಸ್ಟರ್" ಎಂದಳು. ದನಿ ಏರಿಸಲಿಲ್ಲ. "ನಾನು ಕೂಗಿದ್ದಕ್ಕೆ ನೀವು ತೊಡೆಗೆ ಹೊಡೆದಿರಿ. ಗಂಡನ ಹೆಸರು ತೆಗೆದು ಒಂದು ಮಾತು ಅಂದಿರಿ, ಅದನ್ನ ನಾನು ಮತ್ತೆ ಹೇಳಲ್ಲ. ಏಟಿನ ನೋವು ಅವತ್ತೇ ಹೋಯಿತು. ಆ ಮಾತು ಮಾತ್ರ ಇನ್ನೂ ಹೋಗಿಲ್ಲ. ಈಗ ನಮ್ಮ ಮನೆ ಹುಡುಗಿ ಈ ಆಸ್ಪತ್ರೆ ಅಂದರೆ ನಡುಗ್ತಾಳೆ. ಮೈಯಲ್ಲಿ ರಕ್ತ ಇಲ್ಲ, ಆದರೂ ಮನೆಯಲ್ಲೇ ಹೆರ್ತೀನಿ ಅಂತಾಳೆ. ಅವಳಿಗೆ ಏನಾದರೂ ಆದರೆ ನಿಮಗೂ ನಿದ್ದೆ ಬರಲ್ಲ, ನನಗೂ ಬರಲ್ಲ."

ದೊಡ್ಡ ಸಿಸ್ಟರ್ ಅವಳ ಮುಖವನ್ನು ಹುಡುಕುವಂತೆ ನೋಡಿದರು. ಆಮೇಲೆ ನೆನಪಿಲ್ಲ ಎಂದರು. ಸುಳ್ಳು ಹೇಳಿದಂತೆ ಕಾಣಲಿಲ್ಲ. ತಿರುಗಿ ಹೊರಟವರು ಬಾಗಿಲ ಹತ್ತಿರ ನಿಂತು, ನೆಲದಿಂದ ಒಂದು ಗೇಣು ಮೇಲಕ್ಕೆ ಬಿಟ್ಟು ಹೊಲಿ, ನೆಲ ಒರೆಸುವ ನೀರು ತಾಗಿದರೆ ನಾರುತ್ತದೆ ಎಂದು ಹೇಳಿ ಹೋದರು.

ಟೈಲರಕ್ಕ ಒಂದು ಗೇಣು ಬಿಟ್ಟೇ ಹೊಲಿದು ಆಸ್ಪತ್ರೆಗೆ ಕೊಟ್ಟುಬಂದಳು.

ಚಿಕ್ಕವಳಿಗೆ ನೋವು ಶುರುವಾದದ್ದು ಬೆಳಗಿನ ಹೊತ್ತು. ಮೈದುನ ಆಟೋ ತರಿಸಿದ. ಅತ್ತೆ ದಾರಿಯಲ್ಲಿ ಗುಂಡಿ ಬಂದಾಗಲೆಲ್ಲ ಡ್ರೈವರನಿಗೆ ಬೈದರು, ಗುಂಡಿ ಬರದಿದ್ದಾಗ ನಿಧಾನ ಹೋಗುತ್ತೀ ಎಂದು ಬೈದರು. ಆಸ್ಪತ್ರೆಗೆ ಬಂದರೆ ಡಾಕ್ಟರಮ್ಮ ಇನ್ನೊಂದು ಆಸ್ಪತ್ರೆಗೆ ಹೋಗಿದ್ದಳು. ಹೆರಿಗೆ ಕೋಣೆಯ ಬಾಗಿಲಲ್ಲಿ ಆಯಾ ಎಂದಿನಂತೆ ಕೈ ಅಡ್ಡ ಹಿಡಿದು, ಬಸುರಿ ಮಾತ್ರ ಒಳಗೆ, ಉಳಿದವರು ಬೆಂಚಿಗೆ ಎಂದಳು. ಚಿಕ್ಕವಳು ಅಕ್ಕನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಟೈಲರಕ್ಕ ಹಿಂದೆ ಸರಿಯಲಿಲ್ಲ, ಜಗಳಕ್ಕೂ ಇಳಿಯಲಿಲ್ಲ. ಸಿಸ್ಟರ್ ಬಂದು ಹೇಳಲಿ, ಅಲ್ಲಿಯವರೆಗೆ ಇಬ್ಬರೂ ಇಲ್ಲೇ ನಿಂತಿರುತ್ತೇವೆ ಎಂದಳು. ಬಾಗಿಲಿಗೆ ಅಡ್ಡವಾಗಿ ನೋವು ತಿನ್ನುವ ಬಸುರಿ ನಿಂತರೆ ಎಷ್ಟು ಹೊತ್ತು ತಡೆದಾರು? ಒಳಗಿನಿಂದ ದೊಡ್ಡ ಸಿಸ್ಟರ್ ದನಿ ಬಂತು.

"ಕೈ ತೊಳ್ಕೊಂಡು ಬರಲಿ. ಮೊಣಕೈವರೆಗೂ."

ನೀಲಿ ಪರದೆ ಗೋಡೆಯಿಂದ ಗೋಡೆಗೆ ಹಾಕಿದ ಸಲಾಕೆಯ ಮೇಲೆ ನೆಟ್ಟಗೆ ಇಳಿಬಿದ್ದಿತ್ತು. ಅದರ ಆ ಕಡೆಯ ಮೇಜಿನ ಮೇಲೆ ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳಿದ್ದಳು. ಅವಳ ಜೊತೆ ಬಂದಿದ್ದು ಗಂಡ ಮಾತ್ರ, ಆದ್ದರಿಂದ ಅವಳ ಕೈ ಹಿಡಿಯಲು ಯಾರೂ ಇರಲಿಲ್ಲ. ಈ ಕಡೆ ಟೈಲರಕ್ಕ ಚಿಕ್ಕವಳನ್ನು ನಡೆಸಿದಳು, ಸೊಂಟ ನೀವಿದಳು, ಗುಟುಕು ಗುಟುಕಾಗಿ ನೀರು ಕುಡಿಸಿದಳು. ಚಿಕ್ಕವಳು ಕೂಗಿದಾಗಲೆಲ್ಲ ಟೈಲರಕ್ಕನ ಕಣ್ಣು ತಾನಾಗಿ ದೊಡ್ಡ ಸಿಸ್ಟರ್ ಕೈಯ ಕಡೆ ಹೋಗುತ್ತಿತ್ತು. ಆ ಕೈ ಏಳಲಿಲ್ಲ. ಒಮ್ಮೆ ಮಾತ್ರ, ಬಾಯಿ ಮುಚ್ಚಿ ಎಂದು ಶುರುಮಾಡಿದವರು ಅಲ್ಲೇ ತಡೆದು, ಬಾಯಿ ಮುಚ್ಚಿಕೊಂಡು ಉಸಿರು ಕಟ್ಟಬೇಡ, ಬಾಯಿ ಬಿಟ್ಟು ಉಸಿರಾಡು ಎಂದು ಮಾತು ಬದಲಿಸಿದರು. ಅಷ್ಟು ನೋವಿನಲ್ಲೂ ಚಿಕ್ಕವಳಿಗೆ ನಗು ಬಂತು.

ಮಧ್ಯಾಹ್ನ ಮಗಳು ಹುಟ್ಟಿದಳು. ಹುಟ್ಟುತ್ತಲೇ ಅತ್ತೆಯದೇ ದನಿಯಲ್ಲಿ ಕಿರುಚಿದಳು. ದೊಡ್ಡ ಸಿಸ್ಟರ್ ಕೂಸಿನ ಹಿಂದೆ ಬರುವ ಕಸ ಬೀಳುವುದನ್ನು ಕಾದು, ಹೊಟ್ಟೆ ಒತ್ತಿ ನೋಡಿ, ಎಲ್ಲ ಸರಿಯಿದೆ ಎಂದು ಬಟ್ಟೆ ಹೊದಿಸಿದರು. ಅಷ್ಟರಲ್ಲಿ ಪರದೆಯ ಆ ಕಡೆಯಿಂದ ಇಟ್ಟಿಗೆ ಗೂಡಿನವಳ ಕೂಗು ಎದ್ದಿತು. ಮಗುವಿನ ತಲೆ ಕಾಣಿಸಿಕೊಂಡಿತ್ತು. ಸಿಸ್ಟರ್ ಕುಂಟುತ್ತ ಆ ಕಡೆ ಓಡಿದರು, ಆಯಾ ಹಿಂದೆಯೇ ಹೋದಳು.

ಟೈಲರಕ್ಕ ಕೂಸನ್ನು ಚಿಕ್ಕವಳ ಎದೆಯ ಮೇಲೆ ಮಲಗಿಸಿ ಅವಳ ಹಣೆ ಒರೆಸುತ್ತಿದ್ದಳು. ಕೆನ್ನೆಯ ಬಣ್ಣ ಇಳಿಯುತ್ತಿದೆ ಎನಿಸಿತು. ಆಯಾಸ ಇರಬೇಕು ಎಂದುಕೊಂಡಳು. ತುಟಿಯೂ ಬಿಳಚಿಕೊಂಡಿತು.

"ಅಕ್ಕ, ಕಣ್ಣು ಕತ್ತಲೆ ಬರ್ತಿದೆ."

ಹೊದಿಕೆ ಎತ್ತಿ ನೋಡಿದರೆ ಕೆಳಗೆ ಹಾಸಿದ್ದ ಬಟ್ಟೆಯೆಲ್ಲ ತೊಯ್ದು ರಕ್ತ ಮೇಜಿನ ಅಂಚಿನಿಂದ ನೆಲಕ್ಕೆ ಇಳಿಯುತ್ತಿತ್ತು.

"ಸಿಸ್ಟರ್, ರಕ್ತ ಹೋಗ್ತಿದೆ. ತುಂಬಾ ಹೋಗ್ತಿದೆ."

ಆ ಕಡೆಯಿಂದ ಒಂದು ಕೈ ಬಂದು ಪರದೆಯನ್ನು ಪೂರಾ ಪಕ್ಕಕ್ಕೆ ಸರಿಸಿಬಿಟ್ಟಿತು. ಆ ಗಳಿಗೆಯಲ್ಲಿ ಯಾರ ಮಾನದ ವಿಚಾರವೂ ಯಾರಿಗೂ ಇರಲಿಲ್ಲ. ದೊಡ್ಡ ಸಿಸ್ಟರ್ ನೋಡಿದರು. ಅವರ ಇನ್ನೊಂದು ಕೈಯಲ್ಲಿ ಅರ್ಧ ಹೊರಬಂದ ಕೂಸಿನ ತಲೆಯಿತ್ತು. ಅಲ್ಲಿಂದ ಕದಲುವ ಹಾಗಿರಲಿಲ್ಲ.

"ಕೂಸನ್ನ ಆಯಾ ಕೈಗೆ ಕೊಡು. ಹೊಕ್ಕಳ ಕೆಳಗೆ ಕೈಯಿಟ್ಟು ಒತ್ತಿ ಉಜ್ಜು. ಮೆತ್ತಗಿದೆಯಾ? ಗಟ್ಟಿಯಾಗೋವರೆಗೂ ಉಜ್ಜು. ಅವಳು ಬೇಡ ಅಂದರೂ ಬಿಡಬೇಡ."

ಟೈಲರಕ್ಕ ಉಜ್ಜಿದಳು. ಕೈಯಡಿಯಲ್ಲಿ ಹೊಟ್ಟೆ ನೆನೆದ ಹಿಟ್ಟಿನಂತೆ ಮೆತ್ತಗಿತ್ತು. ಚಿಕ್ಕವಳು ನೋವು ನೋವು ಎಂದು ಅವಳ ಕೈ ತಳ್ಳುತ್ತಿದ್ದಳು. ಅವಳನ್ನು ನೋಯಿಸಬಾರದೆಂದು ಇಷ್ಟೆಲ್ಲ ಹೋರಾಡಿದವಳು ಈಗ ತಾನೇ ಹಲ್ಲು ಕಚ್ಚಿ ನೋಯಿಸುತ್ತಿದ್ದಳು. ನನ್ನನ್ನೇ ನೋಡು, ಕಣ್ಣು ಮುಚ್ಚಬೇಡ ಎಂದು ಹೇಳುತ್ತಲೇ ಇದ್ದಳು. ತೋಳು ಸೋತು ಬಂದಾಗ ಬೆರಳಡಿಯಲ್ಲಿ ಏನೋ ಬಿಗಿದು ಗಟ್ಟಿ ಉಂಡೆಯಾಯಿತು. ಅದೇ ಹೊತ್ತಿಗೆ ಪಕ್ಕದ ಮೇಜಿನಲ್ಲಿ ಇನ್ನೊಂದು ಕೂಸು ಅತ್ತಿತು. ಮರುಗಳಿಗೆ ದೊಡ್ಡ ಸಿಸ್ಟರ್ ಈ ಕಡೆ ಇದ್ದರು. ತೊಡೆಗೆ ಇಂಜೆಕ್ಷನ್ ಕೊಟ್ಟರು, ತೋಳಿಗೆ ಡ್ರಿಪ್ ಹಾಕಿದರು, ಡಾಕ್ಟರಮ್ಮನಿಗೆ ಫೋನ್ ಮಾಡಿ ಆಂಬುಲೆನ್ಸ್ ಜೊತೆಗೇ ಬನ್ನಿ ಎಂದರು. ಅವರ ಕೈ ಒಮ್ಮೆಯೂ ತಡವರಿಸಲಿಲ್ಲ. ಟೈಲರಕ್ಕ ಅದನ್ನು ನೋಡಿದಳು. ಹೊಡೆದದ್ದೂ ಅದೇ ಕೈ ಎಂಬುದನ್ನು ಅವಳು ಮರೆಯಲಿಲ್ಲ, ಆದರೂ ನೋಡಿದಳು.

ಎಲ್ಲ ಒಂದು ಹದಕ್ಕೆ ಬಂದ ಮೇಲೆ ಇಟ್ಟಿಗೆ ಗೂಡಿನವಳು ಸಣ್ಣ ದನಿಯಲ್ಲಿ, ಅಕ್ಕ, ಆ ಬಟ್ಟೆ ಸ್ವಲ್ಪ ಎಳೀತೀರಾ ಎಂದು ಕೇಳಿದಳು. ಟೈಲರಕ್ಕ ಪರದೆ ಎಳೆದು, ಆ ಕಡೆಗೇ ಹೋಗಿ ಅವಳ ಕೂಸಿಗೆ ಬಟ್ಟೆ ಸುತ್ತಿಕೊಟ್ಟಳು.

ಡಾಕ್ಟರಮ್ಮ ಬಂದು ನೋಡಿ, ರಕ್ತ ನಿಂತಿದೆ, ಆದರೆ ಹೋದದ್ದು ಬಹಳ, ಪಟ್ಟಣದ ಆಸ್ಪತ್ರೆಯಲ್ಲಿ ರಕ್ತ ಕೊಡಿಸಲೇಬೇಕು ಎಂದಳು. ಆಂಬುಲೆನ್ಸಿನಲ್ಲಿ ಚಿಕ್ಕವಳ ಜೊತೆ ಡಾಕ್ಟರಮ್ಮ, ಮೈದುನ, ಕೂಸನ್ನು ಹಿಡಿದ ಅತ್ತೆ ಹೋದರು. ಟೈಲರಕ್ಕನಿಗೆ ಜಾಗವಿರಲಿಲ್ಲ. ಅತ್ತೆ ದೊಡ್ಡ ಸೊಸೆಯ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹತ್ತಿಬಿಟ್ಟರು.

ಸಂಜೆ ಟೈಲರಕ್ಕ ವರಾಂಡದ ಬೆಂಚಿನ ಮೇಲೆ ಫೋನಿಗಾಗಿ ಕಾಯುತ್ತಿದ್ದಳು. ಎಷ್ಟು ತೊಳೆದರೂ ಉಗುರಿನ ಸಂದಿನಲ್ಲಿ ರಕ್ತ ಉಳಿದಿತ್ತು. ದೊಡ್ಡ ಸಿಸ್ಟರ್ ಬಂದು ಪಕ್ಕದಲ್ಲಿ ಕೂತು, ನೋಯುವ ಕಾಲನ್ನು ನೀಡಿಕೊಂಡರು.

"ನೀನು ಆವತ್ತು ಹೇಳಿದ ಮೇಲೆ ಎಷ್ಟು ಯೋಚಿಸಿದರೂ ನಿನ್ನ ಮುಖ ನೆನಪಾಗಲಿಲ್ಲ" ಎಂದರು. "ಹೊಡೆದದ್ದಕ್ಕಿಂತ ಅದೇ ನನಗೆ ಹೆಚ್ಚು ನಾಚಿಕೆ. ಎಷ್ಟು ಜನಕ್ಕೆ ಹೊಡೆದಿದ್ದರೆ ಹಾಗೆ ಮರೆತುಹೋಗುತ್ತೆ."

ಪರವಾಗಿಲ್ಲ ಬಿಡಿ ಎನ್ನುವ ಮಾತು ಟೈಲರಕ್ಕನ ನಾಲಿಗೆಯ ತುದಿಗೆ ಬಂತು. ಅಭ್ಯಾಸದಿಂದ ಬಂದ ಮಾತು. ಅವಳು ಅದನ್ನು ನುಂಗಿಕೊಂಡಳು.

"ಇನ್ನು ಮೇಲೆ ಯಾರಿಗೂ ಹೊಡೀಬೇಡಿ, ಸಿಸ್ಟರ್."

"ಇಲ್ಲ."

"ಜೊತೆಗೆ ಒಬ್ಬರನ್ನ ಬಿಡಿ."

"ಎಲ್ಲರೂ ನಿನ್ನ ಹಾಗೆ ಹೇಳಿದ್ದು ಕೇಳೋರೇ ಬರ್ತಾರಾ?"

"ಕೇಳದಿದ್ದರೆ ಬಯ್ಯಿರಿ. ಜೊತೆಗೆ ಬಂದವರಿಗೆ ಬಯ್ಯಿರಿ, ಹೆರೋಳಿಗೆ ಬೇಡ."

ದೊಡ್ಡ ಸಿಸ್ಟರ್ ನಕ್ಕರೋ ಇಲ್ಲವೋ ಸಂಜೆ ಬೆಳಕಿನಲ್ಲಿ ಸರಿಯಾಗಿ ಕಾಣಲಿಲ್ಲ. ಅಷ್ಟರಲ್ಲಿ ಮೈದುನನ ಫೋನ್ ಬಂತು. ರಕ್ತ ಹಾಕುತ್ತಿದ್ದಾರೆ, ಎಚ್ಚರವಾಗಿದ್ದಾಳೆ, ಅಕ್ಕ ಎಲ್ಲಿ ಎಂದು ಕೇಳುತ್ತಿದ್ದಾಳೆ ಎಂದ. ಟೈಲರಕ್ಕ ಆ ಮಾತನ್ನು ಸಿಸ್ಟರಿಗೆ ಹೇಳಿ, ಅಲ್ಲಿಯೇ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಅತ್ತಳು. ಸಿಸ್ಟರ್ ಎದ್ದು ಹೋಗಲಿಲ್ಲ.

ಚಿಕ್ಕವಳು ಚೇತರಿಸಿಕೊಂಡು ಮನೆಗೆ ಬಂದಳು. ಜೊತೆಗೊಬ್ಬ ಹೆಂಗಸನ್ನು ಒಳಗೆ ಬಿಡಬೇಕು ಎಂದು ಡಾಕ್ಟರಮ್ಮ ಬಾಗಿಲಿಗೆ ಬರೆದು ಹಾಕಿಸಿದಳು. ಹಾಗೆಂದು ಎಲ್ಲವೂ ನೆಟ್ಟಗಾಯಿತು ಎಂದಲ್ಲ. ದೊಡ್ಡ ಸಿಸ್ಟರ್ ರಜೆಯಲ್ಲಿದ್ದ ಒಂದು ದಿನ ಬದಲಿಗೆ ಬಂದ ನರ್ಸ್, ಅದೆಲ್ಲ ಗೊತ್ತಿಲ್ಲ ಎಂದು ಒಬ್ಬಳ ತಾಯಿಯನ್ನು ಹೊರಗೆ ಹಾಕಿದಳಂತೆ. ಸುದ್ದಿ ಹೊಲಿಗೆ ಕೋಣೆಗೆ ಬರಲು ತಡವಾಗಲಿಲ್ಲ. ಟೈಲರಕ್ಕ ಅರ್ಧ ಹೊಲಿದ ಅಂಗಿಯನ್ನು ಮಷಿನಿನ ಮೇಲೇ ಬಿಟ್ಟು ಎದ್ದಳು. ಒಳಗೆ ಮೊಮ್ಮಗಳನ್ನು ತೂಗುತ್ತಿದ್ದ ಅತ್ತೆ ಎಲ್ಲಿಗೆ ಎಂದು ಕೇಳಿದರು. ಆಸ್ಪತ್ರೆಗೆ ಎಂದಳು. ಅತ್ತೆ ಕೂಸನ್ನು ಚಿಕ್ಕವಳ ಮಡಿಲಿಗೆ ಹಾಕಿ, ಈ ಮನೆಯಲ್ಲಿ ಒಂದು ದಿನ ನೆಮ್ಮದಿಯಾಗಿ ಕೂರುವಂತಿಲ್ಲ ಎಂದು ಗೊಣಗುತ್ತ, ಸೊಸೆಗಿಂತ ಮೊದಲೇ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿಕೊಂಡರು.